ನೋಡದೆ ಹೊಗಳಿದರೆ ಯಾರಿಗೆ ಖುಷಿ?

ತಿಂಗಳ ಕೊನೆಗೆ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ "ಗ್ರೇಟ್ ಜಾಬ್ ಟೀಮ್" ಅಂತ ಒಂದು ಮೆಸೇಜು, ಜೊತೆಗೆ ಚಪ್ಪಾಳೆ ಇಮೋಜಿ. ಕೆಳಗೆ ಸಾಲಾಗಿ "ಥ್ಯಾಂಕ್ಯೂ ಸರ್". ಇಷ್ಟಾದರೆ ಕೈಕೆಳಗಿನವರನ್ನು ಮೆಚ್ಚಿಕೊಂಡ ಹಾಗಾಯಿತು ಅಂತ ತುಂಬಾ ಮ್ಯಾನೇಜರ್‌ಗಳು ನಂಬಿದ್ದಾರೆ. ರಾತ್ರಿ ಕೂತು ಕೆಲಸ ಮುಗಿಸಿದವನಿಗೂ ಅದೇ ಮೆಸೇಜು, ಮೀಟಿಂಗಿನಲ್ಲಿ ಸುಮ್ನೆ ತಲೆ ಆಡಿಸಿದವನಿಗೂ ಅದೇ. ನಿಜವಾಗಿ ದುಡಿದವನಿಗೆ ಖುಷಿಗಿಂತ ಬೇಸರವೇ ಜಾಸ್ತಿ ಆಗುತ್ತದೆ.

"ಆ ಗ್ರಾಹಕರು ಕೂಗಾಡುತ್ತಿದ್ದಾಗ ನೀವು ದನಿ ಏರಿಸಲಿಲ್ಲ, ಅದಕ್ಕೇ ಅವರು ನಮ್ಮ ಹತ್ತಿರ ಉಳಿದರು" ಅಂತ ಒಬ್ಬರಿಗೇ ಹೇಳಿ ನೋಡಿ. ಆದರೆ ಹಾಗೆ ಹೇಳಬೇಕಾದರೆ ಆ ದಿನ ನಿಮ್ಮ ಗಮನ ಅಲ್ಲಿರಬೇಕಿತ್ತು. ಕಷ್ಟ ಇರುವುದೇ ಅಲ್ಲಿ. ಡಗ್ ಕೋನಂಟ್ ಅಂತ ಒಬ್ಬರು 2001ರಿಂದ 2011ರವರೆಗೆ ಅಮೆರಿಕದ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಮುಖ್ಯಸ್ಥರಾಗಿದ್ದರು. ಅಷ್ಟರಲ್ಲಿ ನೌಕರರಿಗೆ ಸುಮಾರು 30,000 ಚೀಟಿಗಳನ್ನು ಕೈಯಾರೆ ಬರೆದರಂತೆ. ಎಲ್ಲರೂ ಆ ಸಂಖ್ಯೆ ನೋಡಿ ಬೆರಗಾಗುತ್ತಾರೆ. ನನಗೆ ಹಿಡಿಸಿದ್ದು ಬೇರೆ: ಯಾರು ಏನು ಒಳ್ಳೆಯದು ಮಾಡಿದರು ಅಂತ ಹುಡುಕುವುದಕ್ಕೇ ಅವರು ಸಹಾಯಕರ ಜೊತೆ ದಿನವೂ ಸಮಯ ಇಡುತ್ತಿದ್ದರು. ಬರೆಯುವುದು ಅದಾದ ಮೇಲಿನ ಮಾತು.

ಹುಡುಕದೇ ಹೋದರೆ ಕಣ್ಣಿಗೆ ಬೀಳುವುದು ಗದ್ದಲದ ಕೆಲಸ ಮಾತ್ರ. ನಡುರಾತ್ರಿ ಸರ್ವರ್ ಕೆಟ್ಟಾಗ ಎದ್ದು ಬಂದು ಸರಿಮಾಡಿದವನು ಹೀರೋ. ಅದು ಕೆಡದ ಹಾಗೆ ವರ್ಷವಿಡೀ ನೋಡಿಕೊಂಡವಳ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಯಾಕೆಂದರೆ ಅವಳ ಕೆಲಸ ಚೆನ್ನಾಗಿ ನಡೆದ ದಿನ ಏನೂ ಆಗಿರುವುದಿಲ್ಲ! ಹೊಸಬರಿಗೆ ಬೇಸರಪಡದೆ ಹತ್ತು ಸಲ ಹೇಳಿಕೊಡುವವರು, ಬೇರೆಯವರ ವರದಿಯಲ್ಲಿನ ತಪ್ಪನ್ನು ಕಳಿಸುವ ಮುಂಚೆಯೇ ಹಿಡಿಯುವವರು, ಇವರೆಲ್ಲ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ನಿಮಗೆ ಕಾಣದಿದ್ದರೆ ಪಕ್ಕದಲ್ಲಿ ಕೂರುವವರನ್ನು ಕೇಳಿ. "ಈ ವಾರ ನಿಮ್ಮ ಕೆಲಸ ಹಗುರ ಮಾಡಿದ್ದು ಯಾರು?" ಅಂತ ಕೇಳಿದರೆ ನೀವು ಎಣಿಸದೇ ಇದ್ದ ಹೆಸರುಗಳು ಬರುತ್ತವೆ.

ಕೆಲವರಿಗೆ ಮನಸ್ಸಿದೆ, ಸಂಕೋಚ ಬಿಡುವುದಿಲ್ಲ. ಎದುರಿಗೆ ಹೇಳಿದರೆ ನಾಟಕ ಅಂದುಕೊಂಡಾರು ಅನ್ನುವ ಅಳುಕು. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಅನ್ನುವ ಇಬ್ಬರು ಸಂಶೋಧಕರು 2018ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ತಮಗೆ ಉಪಕಾರ ಮಾಡಿದವರಿಗೆ ಪತ್ರ ಬರೆಯಿರಿ ಅಂತ ಜನರಿಗೆ ಹೇಳಿದರು. ಓದುವವರಿಗೆ ಮುಜುಗರ ಆಗುತ್ತದೆ ಅಂತ ಬರೆದವರು ಎಣಿಸಿದ್ದೇ ಜಾಸ್ತಿ, ಓದಿದವರಿಗೆ ಆದ ಸಂತೋಷವನ್ನು ಎಣಿಸಿದ್ದು ಕಡಿಮೆ.

ಇನ್ನು "ಹೊಗಳಿದರೆ ತಲೆ ಮೇಲೆ ಕೂರ್ತಾರೆ" ಅನ್ನುವವರಿಗೆ ನಾನು ಉತ್ತರ ಕೊಡಲು ಹೋಗುವುದಿಲ್ಲ. "ಸಂಬಳ ಕೊಡ್ತಿದೀವಲ್ಲ, ಇನ್ನೇನು?" ಅನ್ನುವವರಿಗೆ ಮಾತ್ರ ಒಂದು ವಿಷಯ. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಹೇಳಿದ್ದರು, ಸಂಬಳ ಸರಿಯಿಲ್ಲದಿದ್ದರೆ ಜನ ಅತೃಪ್ತರಾಗುತ್ತಾರೆ, ಆದರೆ ಕೆಲಸದಲ್ಲಿ ಹುರುಪು ತರುವುದು ಸಾಧನೆ, ಮನ್ನಣೆ, ಜವಾಬ್ದಾರಿ ಇಂಥವು ಅಂತ. ಇದನ್ನು ಉಲ್ಟಾ ಓದಿಕೊಂಡು, ಸಂಬಳ ಏರಿಸದೆ ಸರ್ಟಿಫಿಕೇಟು ಕೊಟ್ಟು ಕಳಿಸುವವರೂ ಇದ್ದಾರೆ. ಅದು ಮೂಗಿಗೆ ತುಪ್ಪ ಸವರುವುದು ಅಷ್ಟೇ. ವರ್ಷವಿಡೀ ಹೊಗಳಿದ್ದು ಅಪ್ರೈಸಲ್ ಫಾರ್ಮಿನಲ್ಲಿ ಕಾಣದೇ ಹೋದರೆ ಮುಂದಿನ ವರ್ಷ ನಿಮ್ಮ ಮಾತನ್ನು ಯಾರು ನಂಬುತ್ತಾರೆ?

ಇನ್ನೊಂದು ಜಾತಿಯವರೂ ಇದ್ದಾರೆ, ಇವರನ್ನು ಕಂಡರೆ ನನಗೆ ನಗು ಬರುತ್ತದೆ. ಶುಕ್ರವಾರ ಸಂಜೆ ಹೊರಡುವ ಹೊತ್ತಿಗೆ ಟೇಬಲ್ ಹತ್ತಿರ ಬಂದು "ನಿಮ್ಮಷ್ಟು ಚೆನ್ನಾಗಿ ಇದನ್ನು ಯಾರೂ ಮಾಡಲ್ಲ ಕಣ್ರೀ" ಅಂತ ಶುರು ಮಾಡುತ್ತಾರೆ. ಅಂಥವರ ಟೀಮಿನಲ್ಲಿ ಮೆಚ್ಚುಗೆಯ ಮಾತು ಕಿವಿಗೆ ಬಿದ್ದ ಕೂಡಲೇ ಜನ ಬ್ಯಾಗು ಎತ್ತಿಕೊಳ್ಳುತ್ತಾರೆ.