ಗೊತ್ತಿತ್ತೋ ಇಲ್ವೋ ಅಂತ ಮೊದಲೇ ಕೇಳೋಕೆ ಏನು ರೋಗ?

ಒಂದೇ ಒಂದು ಹಳೇ ಕಾಡತೂಸು. ಹನ್ನೆರಡು ಬೋರಿನ ಕೋವಿಗೆ ಹಾಕೋ ಗುಂಡು. ಹಿತ್ತಾಳೆ ತಳಕ್ಕೆ ಕಿಲುಬು ಹಿಡಿದಿದೆ, ಮೇಲಿನ ಕೆಂಪು ಪ್ಲಾಸ್ಟಿಕ್ ಮಾಸಿದೆ. ಇಷ್ಟಕ್ಕೇ ನಮ್ಮ ಅಣ್ಣನ ಮೇಲೆ ಶಸ್ತ್ರಾಸ್ತ್ರ ಕಾಯ್ದೆ ಕೇಸು!

ಅದು ಸಿಕ್ಕಿದ ಬ್ಯಾಗ್ ಅಪ್ಪನದ್ದು. ಅಪ್ಪನಿಗೆ ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಇದೆ. ತೋಟಕ್ಕೆ ಹಂದಿ ನುಗ್ಗಿದರೆ ಗಾಳಿಯಲ್ಲಿ ಒಂದು ಈಡು ಹೊಡೆದು ಬೆದರಿಸ್ತಾರೆ, ಅಷ್ಟೇ. ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಜೋಪಾನ ಮಾಡುವ ಮನುಷ್ಯ. ಅಣ್ಣನೋ, ಕೋವಿ ಮುಟ್ಟಿದವನೇ ಅಲ್ಲ. ಹಬ್ಬಕ್ಕೆ ಬಂದವನು ಆ ಬ್ಯಾಗ್ ತಗೊಂಡು ಹೋದ. ಒಳಗಿನ ಅಸ್ತರು ಹರಿದಿತ್ತು, ಕಾಡತೂಸು ಅದರೊಳಗೆ ಜಾರಿ ಕೂತಿತ್ತು. ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಸಿಕ್ಕಿತು.

ಹಿಡಿದದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ವಿಮಾನದೊಳಗೆ ಗುಂಡು ಹೋಗಬಾರದು, ಸರಿ. ಅಪ್ಪನ ಲೈಸೆನ್ಸಿನ ಫೋಟೋ ಕೂಡಲೇ ವಾಟ್ಸಾಪಿನಲ್ಲಿ ಕಳಿಸಿದೆವು. ಠಾಣೆಯವರು ನೋಡಿದರು. "ಲೈಸೆನ್ಸ್ ನಿಮ್ಮ ತಂದೆಯವರದ್ದು, ಗುಂಡು ನಿಮ್ಮ ಹತ್ರ ಸಿಕ್ಕಿದೆ. ಏನಿದ್ರೂ ಕೋರ್ಟಲ್ಲಿ ಹೇಳ್ಕೊಳ್ಳಿ" ಅಂದರು. ಎಫ್‌ಐಆರ್ ಆಯ್ತು.

ನನಗೆ ಉರಿಯೋದು ಇಲ್ಲೇ. ಬರೀ ಸಿಕ್ಕಿದರೆ ಸಾಲದು, ತನ್ನ ಹತ್ತಿರ ಇದೆ ಅಂತ ಅವನಿಗೆ ಗೊತ್ತಿರಬೇಕು ಅಂತ ಸುಪ್ರೀಂ ಕೋರ್ಟು 1972ರಲ್ಲೇ ಹೇಳಿದೆ, ಗುಣವಂತಲಾಲ್ ಕೇಸಿನಲ್ಲಿ. 1994ರಲ್ಲಿ ಸಂಜಯ್ ದತ್ ಕೇಸಿನಲ್ಲಿ ಸಂವಿಧಾನ ಪೀಠವೂ ಅದನ್ನೇ ಹೇಳಿತು. ಅದೂ ಟಾಡಾದಂಥ, ಭಯೋತ್ಪಾದಕರ ವಿರುದ್ಧ ಆಗ ಇದ್ದ ಕಠಿಣ ಕಾಯ್ದೆಯ ಅಡಿಯಲ್ಲಿ! (ಅವರಿಗೆ ಕೊನೆಗೆ ಶಸ್ತ್ರಾಸ್ತ್ರ ಕಾಯ್ದೆಯಡಿ ಶಿಕ್ಷೆ ಆಯ್ತು, ಆ ಮಾತು ಬೇರೆ.) ಬ್ಯಾಗಿನಲ್ಲಿ ಒಂಟಿ ಗುಂಡು ಸಿಕ್ಕ ಇಂಥ ಕೇಸುಗಳನ್ನು ದೆಹಲಿ ಹೈಕೋರ್ಟ್ ಎಷ್ಟೋ ಸಲ ರದ್ದು ಮಾಡಿದೆ. ಎಲ್ಲ ಗೊತ್ತಿರೋ ವಿಷಯವೇ. ಆದರೂ ಠಾಣೆಯಲ್ಲಿ ಕೇಳಲ್ಲ, ಚಾರ್ಜ್‌ಶೀಟ್ ಬರೆಯುವಾಗ ಕೇಳಲ್ಲ. ವಕೀಲರಿಗೆ ದುಡ್ಡು ಸುರಿದು ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಯಾರೋ ಪುಣ್ಯಾತ್ಮರು "ಇವನಿಗೆ ಗೊತ್ತಿತ್ತಾ?" ಅಂತ ಕೇಳಬೇಕು.

ಅಲ್ಲಿವರೆಗೆ? 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದೆ ಗುಂಡು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ. ನಾಡಕೋವಿ ಬಚ್ಚಿಟ್ಟುಕೊಂಡು ಓಡಾಡುವವನಿಗೂ, ಹರಿದ ಅಸ್ತರಿನ ಬ್ಯಾಗ್ ಹೊತ್ತವನಿಗೂ ಅದೇ ಸೆಕ್ಷನ್. ಅಣ್ಣನ ಪಾಸ್‌ಪೋರ್ಟ್ ನವೀಕರಣಕ್ಕೆ ಈಗ ಕೋರ್ಟಿನ ಅನುಮತಿ ಬೇಕು. ಆಫೀಸಿನಲ್ಲಿ ಎಚ್‌ಆರ್‌ನವರು ಕರೆದು ಕೂರಿಸಿ ಪ್ರಶ್ನೆ ಕೇಳ್ತಾರೆ. ಅಪ್ಪನಿಗೂ ನೋಟಿಸು, ಲೈಸೆನ್ಸ್ ಯಾಕೆ ರದ್ದು ಮಾಡಬಾರದು ಅಂತ. ಇನ್ನು ಹಂದಿಗಳಿಗೆ ಹಬ್ಬ.

ಇದರ ಮೇಲೆ ನೆಂಟರ ಉಪದೇಶ. "ಬ್ಯಾಗ್ ಕೊಡವಿ ನೋಡ್ಕೊಂಡು ಹೋಗೋಕೇನಾಗಿತ್ತು?" ನೋಡಬೇಕಿತ್ತು ಸ್ವಾಮಿ, ಒಪ್ಪಿದೆ. ನೋಡದೆ ಇದ್ದದ್ದಕ್ಕೆ ದಂಡ ಹಾಕಿ, ಕಟ್ತೀವಿ. ಬೈದು ಬುದ್ಧಿ ಹೇಳಿ, ಕೇಳ್ತೀವಿ. ಜೈಲಿನ ಸೆಕ್ಷನ್ ಯಾಕೆ ಹಾಕ್ತೀರಿ?

ಇನ್ನೊಂದು ತಮಾಷೆ ಕೇಳಿ. ಲೈಸೆನ್ಸ್ ಇಲ್ಲ ಅನ್ನುವ ಕೇಸು ನಡೆಸೋಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಮಂಜೂರಾತಿ ಬೇಕು ಅಂತ ಕಾಯ್ದೆಯ 39ನೇ ಸೆಕ್ಷನ್ನೇ ಹೇಳುತ್ತೆ. ಸುಮ್ನೆ ಸಹಿ ಹಾಕೋಕಲ್ಲ, ಯೋಚಿಸಿ ಹಾಕಲಿ ಅಂತ ತಾನೇ ಅದನ್ನು ಇಟ್ಟಿರೋದು? ನಮ್ಮ ಕಡತದಲ್ಲಿ ಅಪ್ಪನ ಲೈಸೆನ್ಸಿನ ಪ್ರತಿ ಇದೆ, ಅಪ್ಪನ ಹೇಳಿಕೆ ಇದೆ, ಹರಿದ ಬ್ಯಾಗಿನ ಫೋಟೋನೂ ಇದೆ. ಮಂಜೂರಾತಿ ಆದೇಶದಲ್ಲಿ ಇವು ಮೂರರ ಬಗ್ಗೆ ಒಂದು ಅಕ್ಷರ ಇಲ್ಲ. "ದಾಖಲೆಗಳನ್ನು ಪರಿಶೀಲಿಸಲಾಗಿದೆ" ಅಂತ ಅಚ್ಚು ಹಾಕಿದ ಸಾಲು, ಕೆಳಗೆ ಮೊಹರು. ಏನು ಪರಿಶೀಲಿಸಿದ್ರಿ ಅಂತ ಹೈಕೋರ್ಟಿನಲ್ಲೇ ಕೇಳ್ತೀವಿ. ಅರ್ಜಿ ರೆಡಿ ಆಗ್ತಿದೆ.