ಹೊಡೆದವನ ಪರ ಹೇಗೆ ನಿಲ್ತೀಯ?

ಹೋದ ವಾರ ಅಕ್ಕ ಕೇಳಿದಳು. "ಹೆಂಡತಿಗೆ ಹೊಡೆದವನ ಪರ ವಕಾಲತ್ತು ಹಾಕೋಕೆ ನಿನಗೆ ಮನಸ್ಸಾದ್ರೂ ಹೇಗೆ ಬರುತ್ತೆ?"

ಬೇರೆ ಯಾರಾದರೂ ಕೇಳಿದ್ದರೆ ಥಟ್ಟನೆ ಏನೋ ಹೇಳಿ ಮುಗಿಸುತ್ತಿದ್ದೆ. ಅಕ್ಕ ಆರು ವರ್ಷ ಏಟು ತಿಂದವಳು. ಅವಳ ಎಡಗೈ ಮಣಿಕಟ್ಟು ಇವತ್ತಿಗೂ ಪೂರ್ತಿ ತಿರುಗಲ್ಲ. ಅವಳಿಗೆ ಸುಮ್ನೆ ಬಾಯಿಮಾತಿನ ಉತ್ತರ ಕೊಡೋಕಾಗಲ್ಲ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, "498ಎ ಅಂದ್ರೆ ಬರೀ ಸುಳ್ಳು ಕೇಸು" ಅನ್ನುವವರ ಗುಂಪಿನವಳು ನಾನಲ್ಲ. 498ಎ ಅಂದರೆ ಗಂಡ, ಗಂಡನ ಮನೆಯವರು ಕೊಡುವ ಹಿಂಸೆಗೆ ಶಿಕ್ಷೆ ಹೇಳುತ್ತಿದ್ದ ಭಾರತೀಯ ದಂಡ ಸಂಹಿತೆಯ ಸೆಕ್ಷನ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಯಾರದ್ದಾದರೂ ಸಹಾಯ ಕೇಳಿದವರು ನೂರಕ್ಕೆ 14 ಜನ. ಉಳಿದವರಲ್ಲಿ ಹೆಚ್ಚಿನವರು ತಾಯಿಯ ಹತ್ತಿರವೂ ಬಾಯಿ ಬಿಟ್ಟಿಲ್ಲ. ಸ್ಟೇಷನ್ ಮೆಟ್ಟಿಲು ಹತ್ತುವುದು ದೂರದ ಮಾತು.

ಆದರೂ ನಾನು ಆರೋಪಿಗಳ ಪರ ನಿಲ್ಲುತ್ತೇನೆ. ಯಾಕೆ ಅನ್ನೋದಕ್ಕೆ ಒಂದು ಹುಡುಗಿಯ ಕಥೆ ಹೇಳಬೇಕು. ಕೇಸು ಮುಗಿದು ವರ್ಷಗಳಾಗಿವೆ. ಹೆಸರು ಬೇಡ, ಬರಿ ಅಂದಿದ್ದಾಳೆ.

2012ರಲ್ಲಿ ಅವಳ ಅತ್ತಿಗೆ ದೂರು ಕೊಟ್ಟಳು. ಅಣ್ಣ ಎ1 (ಅಂದರೆ ಒಂದನೇ ಆರೋಪಿ), ಅಪ್ಪ ಎ2, ಅಮ್ಮ ಎ3, ಇವಳು ಎ4. ಇವಳಿಗೆ ಆಗ ಇಪ್ಪತ್ತೆರಡು. ಬೇರೆ ಊರಿನ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು. ದೂರಿನಲ್ಲಿ ಇವಳ ಬಗ್ಗೆ ಇದ್ದದ್ದು ಒಂದೇ ಸಾಲು: "ಎಲ್ಲರೂ ಸೇರಿ ಮಾನಸಿಕವಾಗಿ ಮತ್ತು ದೈಹಿಕವಾಗಿ ಕಿರುಕುಳ ನೀಡಿರುತ್ತಾರೆ." ಈ ಸಾಲನ್ನು ನಾನು ಎಷ್ಟು ಎಫ್‌ಐಆರ್‌ಗಳಲ್ಲಿ ಓದಿದ್ದೇನೋ ಲೆಕ್ಕವಿಲ್ಲ. ಯಾರು, ಯಾವತ್ತು, ಏನು ಮಾಡಿದರು, ಒಂದೂ ಇರಲ್ಲ. ಅಷ್ಟಕ್ಕೇ ಅವಳನ್ನು ಅರೆಸ್ಟ್ ಮಾಡಿದರು. ಬ್ಯಾಗಿನಲ್ಲಿ ಪರೀಕ್ಷೆಯ ಹಾಲ್ ಟಿಕೆಟ್ ಇತ್ತು.

ಆ ವರ್ಷ ದೇಶದಲ್ಲಿ 498ಎ ಅಡಿ 1,97,762 ಜನರನ್ನು ಬಂಧಿಸಿದ್ದರು. ಅದರಲ್ಲಿ 47,951 ಜನ ಹೆಂಗಸರು. ಈ ಲೆಕ್ಕ ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲೇ ಇದೆ. ಅದನ್ನು ಓದುವಾಗ ನನಗೆ ಕಂಡದ್ದು ಆ ಹಾಲ್ ಟಿಕೆಟ್.

ಅವಳಿಗೆ ನಾನು ಮಾಡಿದ ಕೆಲಸದಲ್ಲಿ ದೊಡ್ಡ ವಾದವೇನೂ ಇರಲಿಲ್ಲ. ದೂರಿನಲ್ಲಿ ತಾರೀಖು ಅಂತ ಇದ್ದದ್ದು ಒಂದೇ ಒಂದು. ಹಾಸ್ಟೆಲಿಗೆ ಹೋಗಿ ಆ ದಿನದ ರಿಜಿಸ್ಟರ್ ಹುಡುಕಿದೆವು. ಹಾಳೆಯ ಅಂಚಿಗೆ ಗೆದ್ದಲು ಹಿಡಿದಿತ್ತು, ಅವಳ ಸಹಿ ಉಳಿದಿತ್ತು. ಕೊನೆಗೆ ಹೈಕೋರ್ಟ್ ಅವಳ ಮೇಲಿನ ಕೇಸು ರದ್ದು ಮಾಡಿತು. ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಆ ಎರಡು ವರ್ಷ ಯಾವ ಕೆಲಸಕ್ಕೆ ಅರ್ಜಿ ಹಾಕಿದರೂ "ಕ್ರಿಮಿನಲ್ ಕೇಸು ಬಾಕಿ ಇದೆಯೇ" ಅನ್ನುವ ಕಾಲಂ ಹತ್ತಿರ ಅವಳ ಪೆನ್ನು ನಿಂತುಬಿಡುತ್ತಿತ್ತು.

ಅರ್ನೇಶ್ ಕುಮಾರ್ ತೀರ್ಪು ಆಮೇಲೆ ಬಂತು. ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ದೂರು ಬಂತು ಅಂದ ಮಾತ್ರಕ್ಕೆ ಬಂಧಿಸುವ ಹಾಗಿಲ್ಲ, ಬಂಧನ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೆಯಬೇಕು, ಬೇಡವಾದರೆ ನೋಟಿಸು ಕೊಟ್ಟು ಕರೆಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. 2024ರ ಜುಲೈ 1ರಿಂದ 498ಎ ಹೋಗಿ ಭಾರತೀಯ ನ್ಯಾಯ ಸಂಹಿತೆಯ 85, 86ನೇ ಸೆಕ್ಷನ್ ಆಗಿದೆ. ನಂಬರ್ ಬದಲಾಯಿತು, ಬಂಧನದ ಆ ನಿಯಮ ಉಳಿದಿದೆ. ಅದೇ ತೀರ್ಪು ಈ ಕೇಸುಗಳಲ್ಲಿ ಶಿಕ್ಷೆಯಾದದ್ದು ನೂರಕ್ಕೆ 15ರಲ್ಲಿ ಅಂತಲೂ ಹೇಳುತ್ತದೆ. ಉಳಿದ 85 ಸುಳ್ಳು ಅಂತ ಹಲವರು ಅರ್ಥ ಮಾಡಿಕೊಳ್ಳುತ್ತಾರೆ. ಅಲ್ಲ. ರಾಜಿಯಾಗಿ ಬಿಟ್ಟದ್ದು, ಸಾಕ್ಷಿ ತಿರುಗಿಬಿದ್ದದ್ದು, ತನಿಖೆ ಕೆಟ್ಟದ್ದು ಎಲ್ಲ ಅದರೊಳಗಿದೆ.

ಸರಿ, ನಾದಿನಿಯ ವಿಷಯ ಒಪ್ಪೋಣ. ನಿಜವಾಗಿ ಹೊಡೆದವನ ಕಥೆ? ಅಕ್ಕ ಕೇಳಿದ್ದು ಅದನ್ನೇ ಅಲ್ವಾ.

"ಸಿಟ್ಟಲ್ಲಿ ಒಂದೇ ಏಟು, ಮೇಡಂ." ಎಷ್ಟು ಗಂಡಸರು ನನ್ನ ಎದುರು ಕೂತು ಹೀಗೆ ಹೇಳಿದ್ದಾರೆ! ಕೇಳಿದಾಗಲೆಲ್ಲ ಅಕ್ಕನ ಮಣಿಕಟ್ಟು ನೆನಪಾಗುತ್ತದೆ. ಆದರೂ ಫೈಲು ತೆಗೆದುಕೊಳ್ಳುತ್ತೇನೆ. ಅವನು ಮಾಡಿದ ತಪ್ಪಿಗೆ ಶಿಕ್ಷೆ ಆಗಲಿ, ಮಾಡದ್ದಕ್ಕೆ ಬೇಡ. ಅಷ್ಟನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬಂಧನಕ್ಕೊಳಗಾದ ಯಾರೇ ಆಗಲಿ, ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ದುಡ್ಡಿಲ್ಲ ಅಂತ ಸುಮ್ನಿರಬೇಡಿ. ಕಸ್ಟಡಿಯಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಸಿಗುತ್ತಾರೆ, ಆರೋಪಿ ಸ್ಥಾನದಲ್ಲಿ ನಿಂತ ಅತ್ತೆಗೂ ನಾದಿನಿಗೂ ಸೇರಿ. 15100ಕ್ಕೆ ಫೋನ್ ಮಾಡಿ.

ನನ್ನ ಹತ್ತಿರ ಬಂದವರಿಗೆ ಮೊದಲ ದಿನವೇ ಕೆಲವು ಮಾತು ಕಡ್ಡಾಯವಾಗಿ ಹೇಳುತ್ತೇನೆ. ಡಿವಿ, ಅಂದರೆ ಕೌಟುಂಬಿಕ ಹಿಂಸೆ ಕಾಯ್ದೆಯ, ಕೇಸಿನ ನೋಟಿಸು ಬಂದರೆ ತಪ್ಪಿಸಿಕೊಳ್ಳಬೇಡಿ, ನೀವಿಲ್ಲದೆಯೇ ಆದೇಶ ಆಗುತ್ತದೆ. ಆದೇಶ ತಪ್ಪು ಅನ್ನಿಸಿದರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಅಪೀಲು ಹೋಗೋಣ, ಆದರೆ ಅದನ್ನು ಮುರಿಯಬೇಡಿ. ಹೆಂಡತಿಯ ಹತ್ತಿರ ಹೋಗಬೇಡ ಅನ್ನುವಂಥ ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. "ಅವಳೇ ಮೆಸೇಜ್ ಮಾಡಿದ್ಲು, ಮಗೂನ ನೋಡೋಕೆ ಬಾ ಅಂದ್ಲು" ಅಂತ ಹೋಗಿ ಸಿಕ್ಕಿಬಿದ್ದವರಿದ್ದಾರೆ. ಆದೇಶ ಇರುವುದು ನಿಮ್ಮ ಮೇಲೆ. ಬದಲಾಯಿಸಬೇಕು ಅಂದ್ರೆ ಕೋರ್ಟೇ ಬದಲಾಯಿಸಬೇಕು. ಇನ್ನೊಂದು, ಹಳೇ ಫೋನನ್ನು ಮಾರಬೇಡಿ. ಬರೀ ಸ್ಕ್ರೀನ್‌ಶಾಟಿನ ಪ್ರಿಂಟ್ ಕೋರ್ಟಿನಲ್ಲಿ ನಿಲ್ಲಲ್ಲ.

ಕೊನೆಯ ಮಾತು: "ಅವಳ ನಡತೆ ಸರಿಯಿಲ್ಲ ಅಂತ ಕೇಳಿ ಮೇಡಂ" ಅಂದರೆ ಫೈಲು ವಾಪಸ್.

ಇದು ನಾನು ಕಲಿತದ್ದು ಅಕ್ಕನ ಕೇಸಿನಲ್ಲಿ. ಭಾವನ ವಕೀಲರು ಪಾಟೀ ಸವಾಲಿನಲ್ಲಿ ಅವಳ ಮಣಿಕಟ್ಟಿನ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಿದ್ದೆ, ಆಫೀಸಿಂದ ಯಾರ ಗಾಡಿಯಲ್ಲಿ ಬರುತ್ತಿದ್ದೆ, ಇದನ್ನೇ ಮುಕ್ಕಾಲು ಗಂಟೆ ಕೇಳಿದರು. ಅಂಥ ಪ್ರಶ್ನೆ ತಡೆಯೋಕೆ ಸಾಕ್ಷ್ಯ ಕಾಯ್ದೆಯಲ್ಲಿ ಆಗಲೂ ಸೆಕ್ಷನ್ ಇತ್ತು, ಯಾರೂ ಎದ್ದು ಹೇಳಲಿಲ್ಲ. ಅವಳು ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಸಂಜೆವರೆಗೆ ಮಾತಾಡಲಿಲ್ಲ. ಆ ಪ್ರಶ್ನೆಗಳಿಂದ ಭಾವನಿಗೂ ಕಿಂಚಿತ್ತು ಲಾಭ ಆಗಲಿಲ್ಲ. ಶಿಕ್ಷೆ ಆಯಿತು, ಅಪೀಲಿನಲ್ಲೂ ಉಳಿಯಿತು. "ನನ್ನ ಮಾತು ಯಾರೂ ಕೇಳಲಿಲ್ಲ" ಅನ್ನೋಕೆ ಅವನಿಗೆ ದಾರಿ ಇರಲಿಲ್ಲ. ಅವನಿಗೆ ವಕೀಲರಿದ್ದರು, ಎಲ್ಲ ಅವಕಾಶವೂ ಸಿಕ್ಕಿತ್ತು. ವಕೀಲರೇ ಇಲ್ಲದೆ ಶಿಕ್ಷೆ ಆಗಿದ್ದರೆ ಮೇಲಿನ ಕೋರ್ಟಿನಲ್ಲಿ ಅದು ಬಿದ್ದುಹೋಗುತ್ತಿತ್ತು. ಅಕ್ಕ ಮತ್ತೆ ಮೊದಲಿಂದ ಸಾಕ್ಷಿ ಹೇಳಬೇಕಾಗುತ್ತಿತ್ತು.

ಇಷ್ಟನ್ನೂ ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆವತ್ತು ಅವನ ಪರ ನೀನೇ ಇದ್ದಿದ್ರೆ ನನ್ನನ್ನ ಏನು ಕೇಳ್ತಿದ್ದೆ?" ಅಂದಳು.

"ಯಾವ ದಿನ, ಎಷ್ಟು ಹೊತ್ತಿಗೆ, ಮನೇಲಿ ಯಾರಿದ್ರು, ಡಾಕ್ಟರ ಹತ್ತಿರ ಯಾವಾಗ ಹೋದೆ, ಅವರಿಗೆ ಏನಂತ ಹೇಳಿದೆ. ಇಷ್ಟೇ."

"ಅದಕ್ಕೆಲ್ಲ ನನ್ನ ಹತ್ರ ಉತ್ತರ ಇತ್ತು," ಅಂದಳು ಅಕ್ಕ.