ಒಂದು ವರ್ಷ ಉಳಿಯುತ್ತೆ ಅಂತ ಹೇಳಿದ್ದು ಯಾರು?

ನಿನ್ನೆ ಹಾಸನಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಬಂದಾಗಿನಿಂದ ಹೊಟ್ಟೆಯೊಳಗೆ ಕುದೀತಾ ಇದೆ. ಬರೆಯದೆ ನಿದ್ದೆ ಬರಲ್ಲ.

ಅಕ್ಕ ಅಡುಗೆಮನೆ ಬಾಗಿಲಲ್ಲಿ ಕೂತು, ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನ ತೊಳೆ ಬಿಡಿಸ್ತಿದ್ಲು. ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್. ಅದರ ಮುಂದೆ ಮಗಳು. ಅವಳ ಬೆನ್ನ ಹಿಂದೆ ಭಾವ, ಭಾವನ ಅಣ್ಣ. ಸ್ಪೀಕರ್‌ಗೆ ಹಾಕಿದ ಫೋನಲ್ಲಿ ಮೈಸೂರಿನ ಮಾವ. ಐಐಟಿ, ಎನ್‌ಐಟಿ ಸೀಟು ಹಂಚೋ ಜೋಸಾ ಕೌನ್ಸೆಲಿಂಗ್‌ಗೆ ಚಾಯ್ಸ್ ತುಂಬೋ ಕೆಲಸ. ಪಕ್ಕದಲ್ಲಿ ಹುಡುಗಿಯ ನೋಟ್‌ಬುಕ್. ನೀಲಿ ಇಂಕಲ್ಲಿ, ಅವಳ ಗುಂಡು ಅಕ್ಷರದಲ್ಲಿ ಮೊದಲ ಸಾಲು: ಸುರತ್ಕಲ್ ಎನ್‌ಐಟಿಕೆ, ಸಿವಿಲ್, ನಾಲ್ಕು ವರ್ಷ. ಅದರ ತಲೆ ಮೇಲೆ ಕೆಂಪು ಇಂಕಲ್ಲಿ ಭಾವ ಸೇರಿಸಿದ್ದು: ಐಐಟಿ, ಮೆಟಲರ್ಜಿ, ಐದು ವರ್ಷದ ಡ್ಯುಯಲ್ ಡಿಗ್ರಿ.

"ಐದು ವರ್ಷಕ್ಕೆ ಬಿ.ಟೆಕ್ಕೂ ಬರುತ್ತೆ, ಎಂ.ಟೆಕ್ಕೂ ಬರುತ್ತೆ. ಬೇರೆಯವರಿಗೆ ಆರು ವರ್ಷ ಬೇಕು. ಒಂದು ವರ್ಷ ಉಳಿಯುತ್ತೆ ಕಣಮ್ಮ."

ಊಟ ಮುಗಿಯೋದ್ರೊಳಗೆ ಈ ಮಾತು ನಾಲ್ಕು ಸಲ ಬಂತು. ನಾಲ್ಕು ಸಲವೂ ಹುಡುಗಿ ತಲೆ ಬಗ್ಗಿಸಿ ಪೆನ್ನಿನ ಕ್ಯಾಪ್ ತೆಗೆದು ಹಾಕ್ತಾ ಕೂತಿದ್ಲು. ನಿನಗೆ ಎಂ.ಟೆಕ್ ಮಾಡೋಕೆ ಇಷ್ಟ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ. ಮೆಟಲರ್ಜಿಯಲ್ಲಿ, ಅಂದ್ರೆ ಲೋಹಗಳ ಇಂಜಿನಿಯರಿಂಗಲ್ಲಿ, ಏನು ಓದ್ತಾರೆ ಅಂತ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಎಂ.ಟೆಕ್ ಮಾಡೇ ಮಾಡ್ತೀನಿ, ಅದೂ ಇದೇ ವಿಷಯದಲ್ಲಿ, ಇದೇ ಕಾಲೇಜಲ್ಲಿ ಅಂತ ಮೊದಲೇ ತೀರ್ಮಾನ ಮಾಡಿರೋರಿಗೆ ಒಂದು ವರ್ಷ ಉಳಿಯುತ್ತೆ. ನಾಲ್ಕು ವರ್ಷ ಓದಿ ಕೆಲಸಕ್ಕೆ ಸೇರೋ ಹುಡುಗಿಗೆ ಅದು ಉಳಿತಾಯ ಅಲ್ಲ, ಒಂದು ವರ್ಷ ಜಾಸ್ತಿ. ಹದಿನೇಳು ವರ್ಷದ ಮಕ್ಕಳಲ್ಲಿ ಎಷ್ಟು ಜನಕ್ಕೆ ಇಪ್ಪತ್ತೊಂದನೇ ವಯಸ್ಸಿಗೆ ಏನು ಬೇಕು ಅಂತ ಗೊತ್ತಿರುತ್ತೆ? ನನಗಂತೂ ಗೊತ್ತಿರಲಿಲ್ಲ.

ಇಷ್ಟು ಸಿಟ್ಟು ಯಾಕೆ ಅಂದ್ರೆ, ಇದೇ ಮಾತನ್ನ ಒಂದು ಕಾಲದಲ್ಲಿ ನಾನೂ ಹೇಳಿದ್ದೆ. ನಮ್ಮ ದೊಡ್ಡಪ್ಪನ ಮಗನಿಗೆ. ಮನೆಯಲ್ಲಿ ಮೊದಲು ಇಂಜಿನಿಯರ್ ಆದವಳು ನಾನು, ನನ್ನ ಮಾತೇ ಕೊನೆ. "ಡ್ಯುಯಲ್ ತಗೋ, ಒಂದು ವರ್ಷ ಉಳಿಯುತ್ತೆ" ಅಂದೆ. ತಗೊಂಡ. ನಾಲ್ಕನೇ ವರ್ಷದ ಕೊನೆಗೆ ಅವನ ಜೊತೆ ಸೇರಿದ ಬಿ.ಟೆಕ್ ಹುಡುಗರೆಲ್ಲ ಹಾಸ್ಟೆಲ್ ಖಾಲಿ ಮಾಡಿಕೊಂಡು ಕೆಲಸಕ್ಕೆ ಹೋದರು. ಇವನು ಅದೇ ರೂಮಲ್ಲಿ, ಇಷ್ಟವಿಲ್ಲದ ವಿಷಯದ ಪ್ರಾಜೆಕ್ಟ್ ಹಿಡಿದು ಇನ್ನೊಂದು ವರ್ಷ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡೋನು, ಏನೂ ಮಾತಾಡ್ತಿರಲಿಲ್ಲ, "ಸುಮ್ನೆ ಮಾಡ್ದೆ ಅಕ್ಕ" ಅನ್ನೋನು. ಆಮೇಲೆ ಬೇರೆ ವಿಷಯದಲ್ಲಿ ಎಂ.ಎಸ್. ಮಾಡೋಕೆ ಅಮೆರಿಕಕ್ಕೆ ಹೋದ. ಅಲ್ಲಿ ಎರಡು ವರ್ಷ. ನಾಲ್ಕು ವರ್ಷದ ಬಿ.ಟೆಕ್ ಇದ್ದಿದ್ರೂ ಅಲ್ಲಿ ಸೀಟು ಸಿಗ್ತಿತ್ತು. ನಾಲ್ಕಕ್ಕೆ ಎರಡು ಸೇರಿದ್ರೆ ಆರು. ಅವನಿಗೆ ಆಗಿದ್ದು ಏಳು. ನಾನು ಉಳಿಸಿಕೊಟ್ಟ ವರ್ಷ ಎಲ್ಲಿ? ಇವತ್ತಿನವರೆಗೂ ಅವನು ನನ್ನನ್ನ ಒಂದು ಮಾತು ಅಂದಿಲ್ಲ. ಅಂದಿದ್ರೆ ವಾಸಿ ಇತ್ತು.

ನನಗೆ ಎಂ.ಟೆಕ್ ಮೇಲೆ ದ್ವೇಷ ಇಲ್ಲ, ನಾನೂ ಮಾಡಿದ್ದೀನಿ. ಬಿ.ಇ. ಮುಗಿಸಿ ಮೂರು ವರ್ಷ ಬೆಂಗಳೂರಲ್ಲಿ ಫ್ಲೈಓವರ್ ಸೈಟಲ್ಲಿದ್ದೆ. ಒಂದು ರಾತ್ರಿ ಕಂಬದ ತಲೆ ಮೇಲೆ ಕೂರೋ ಪಿಯರ್ ಕ್ಯಾಪ್ ಅನ್ನೋ ತೊಲೆಗೆ ಕಾಂಕ್ರೀಟ್ ಹಾಕ್ತಿದ್ವಿ. ಕಂಬದ ನೆತ್ತಿಯ ಮೇಲೆ ಕಂಬಿ ಎಷ್ಟು ಒತ್ತಾಗಿತ್ತು ಅಂದ್ರೆ ಕಾಂಕ್ರೀಟನ್ನ ಅಲುಗಿಸಿ ಕೂರಿಸೋ ವೈಬ್ರೇಟರಿನ ನೀಡಲ್ ಒಳಗೆ ಇಳೀತಿರಲಿಲ್ಲ. ಶಟರಿಂಗ್ ಬಿಚ್ಚಿದಾಗ ಒಂದು ಮೂಲೆಯಲ್ಲಿ ಜೇನುಗೂಡಿನ ಹಾಗೆ ತೂತು ತೂತು, ಕಂಬಿ ಕಾಣ್ತಿತ್ತು. ಇಷ್ಟು ಕಂಬಿ ಇಲ್ಲಿ ಯಾಕೆ ಬೇಕು ಅಂತ ಕೇಳಿದ್ರೆ ಸೈಟಲ್ಲಿ ಯಾರೂ ಹೇಳಲಿಲ್ಲ. "ಡ್ರಾಯಿಂಗಲ್ಲಿದೆ, ಹಾಕಿ ಮೇಡಂ" ಅಂದ್ರು. ಆ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ. ಎಂ.ಟೆಕ್ ಸೀಟಿಗಿರೋ ಗೇಟ್ ಪರೀಕ್ಷೆ ಬರೆದು ಸ್ಟ್ರಕ್ಚರಲ್ ಎಂ.ಟೆಕ್‌ಗೆ ಸೇರಿದೆ. ಅಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಒತ್ತಡ ಹೊರೋ ಗೆರೆ, ಎಳೆತ ಹಿಡಿಯೋ ಗೆರೆ ಎಳೆದು ತೋರಿಸೋ ಸ್ಟ್ರಟ್ ಅಂಡ್ ಟೈ ಮಾದರಿ ಬರೆದು, ಭಾರ ಯಾವ ದಾರಿಯಲ್ಲಿ ಕಂಬಕ್ಕೆ ಇಳಿಯುತ್ತೆ, ಆ ಎಳೆತವನ್ನ ಕಂಬಿ ಎಲ್ಲಿ ಹಿಡಿಯುತ್ತೆ ಅಂತ ತೋರಿಸಿದ ದಿನ ನನಗೆ ಕಣ್ಣಲ್ಲಿ ನೀರು ಬಂತು. ಇದೇ ಪಾಠ ಇಪ್ಪತ್ತೊಂದಕ್ಕೆ, ಸೈಟೇ ನೋಡದೆ ಕೇಳಿದ್ರೆ ಪರೀಕ್ಷೆಗೆ ಬರೆದು ಮರೀತಿದ್ದೆ.

ಡ್ಯುಯಲ್ ಡಿಗ್ರಿಯಲ್ಲಿ ಒಳ್ಳೇದೇ ಇಲ್ವಾ ಅಂತ ಕೇಳ್ತೀರಿ. ಇದೆ. ಇನ್ನೊಂದು ಸಲ ಗೇಟ್ ಬರೆಯೋ ಕಷ್ಟ ಇಲ್ಲ. ಸಂಶೋಧನೆಗೇ ಹೋಗ್ತೀನಿ ಅನ್ನೋ ಮಗುವಿಗೆ ಒಂದೇ ಗೈಡ್ ಹತ್ರ ಜಾಸ್ತಿ ದಿನ ಕೆಲಸ ಮಾಡೋಕೆ ಸಿಗುತ್ತೆ. ಇಂಜಿನಿಯರಿಂಗ್ ಕಾಲೇಜಲ್ಲಿ ಪಾಠ ಮಾಡೋಕೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ನಿಯಮದಲ್ಲಿ ಹೀಗೆ ಬಿ.ಟೆಕ್ ಜೊತೆಗೇ ಮಾಡಿದ ಇಂಟಿಗ್ರೇಟೆಡ್ ಎಂ.ಟೆಕ್ ಕೂಡ ನಡೆಯುತ್ತೆ. ಒಪ್ಪಿದೆ. ಆದರೆ ಆ ಆಸೆ ಮೂರನೇ ವರ್ಷದಲ್ಲಿ ಹುಟ್ಟಿದ್ರೂ ಬಾಗಿಲು ಮುಚ್ಚಿರಲ್ಲ. ನಾಲ್ಕು ವರ್ಷದ ಬಿ.ಟೆಕ್‌ಗೆ ಸೇರಿದವರು ನಡುವೆ ಡ್ಯುಯಲ್‌ಗೆ ಬದಲಾಗೋ ಅವಕಾಶ ಎಷ್ಟೋ ಐಐಟಿಗಳಲ್ಲಿದೆ. ಬಿ.ಟೆಕ್ ಆದಮೇಲೆ ನೇರ ಪಿಎಚ್.ಡಿ.ಗೂ ಸೇರಬಹುದು. ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತೆ, ಎಂ.ಟೆಕ್‌ಗೆ ಸೇರಿದ್ರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಬರುತ್ತೆ. ಲೋಕೋಪಯೋಗಿ ಇಲಾಖೆಯಲ್ಲಿ ಎಇ, ಅಂದ್ರೆ ಸಹಾಯಕ ಇಂಜಿನಿಯರ್ ಆಗೋಕೆ, ಯುಪಿಎಸ್‌ಸಿಯ ಇಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆ ಬರೆಯೋಕೆ ಬಿ.ಇ. ಸಾಕು. ನಾಲ್ಕು ವರ್ಷಕ್ಕೆ ಐದನೇದನ್ನ ಆಮೇಲೆ ಸೇರಿಸಿಕೊಳ್ಳಬಹುದು. ಐದು ಅಂತ ಸೇರಿದವರಿಗೆ ನಾಲ್ಕಕ್ಕೇ ಬಿಟ್ಟು ಬರೋಕೆ ಆಗುತ್ತಾ? ಅದು ಆಯಾ ಸಂಸ್ಥೆಯ ನಿಯಮದ ಮೇಲೆ ನಿಂತಿದೆ. ಆ ನಿಯಮ ಓದಿದ್ದೀರಾ ಭಾವ ಅಂದೆ. ಮಾತಾಡಲಿಲ್ಲ.

ದುಡ್ಡಿನ ಲೆಕ್ಕವೂ ಆಗಿರಲಿಲ್ಲ. ಐಐಟಿ ಬಿ.ಟೆಕ್‌ಗೆ ಬೋಧನಾ ಶುಲ್ಕ ವರ್ಷಕ್ಕೆ 2 ಲಕ್ಷ. ಮನೆಯ ಆದಾಯ ವರ್ಷಕ್ಕೆ 1ರಿಂದ 5 ಲಕ್ಷದೊಳಗಿದ್ರೆ ಮೂರರಲ್ಲಿ ಎರಡು ಪಾಲು ಮಾಫಿ, ಭಾವನ ಸಂಬಳಕ್ಕೆ ಅದಿಲ್ಲ. ಐದನೇ ವರ್ಷಕ್ಕೂ ಅದೇ ದರ ಹಿಡಿದ್ರೆ ಇನ್ನೆರಡು ಲಕ್ಷ, ಹಾಸ್ಟೆಲ್ಲು ಮೆಸ್ಸು ಬೇರೆ. ಜೊತೆಗೆ ಒಂದು ವರ್ಷದ ಸಂಬಳ ಇಲ್ಲ. ಅಕ್ಕ ಎಣ್ಣೆ ಕೈಯಲ್ಲೇ ಎದ್ದು ಬಂದು "ಇದನ್ನ ಯಾರೂ ನನಗೆ ಹೇಳೇ ಇಲ್ವಲ್ಲ" ಅಂದ್ಲು.

ಭಾವನ ಮೇಲೆ ನನಗೆ ಕೋಪ ಇಲ್ಲ. ಮಗಳ ಹೆಸರಿನ ಪಕ್ಕ ಐಐಟಿ ಅಂತ ನೋಡೋ ಆಸೆ ಯಾವ ಅಪ್ಪನಿಗಿರಲ್ಲ? ಆದ್ರೆ ಆ ಮೂರಕ್ಷರಕ್ಕೋಸ್ಕರ ಅವಳಿಗೆ ಬೇಡದ ವಿಷಯ, ಬೇಡದ ಐದನೇ ವರ್ಷ, ಎರಡನ್ನೂ ಹೇರೋದು ತಪ್ಪು. ಪಟ್ಟಿಯಲ್ಲಿ ಅದನ್ನ ಮೊದಲಿಟ್ಟು ಅದೇ ಸಿಕ್ಕಿಬಿಟ್ರೆ ಸುರತ್ಕಲ್ ಕೈತಪ್ಪಿತು, ಆಮೇಲೆ ಬೇಕು ಅಂದ್ರೂ ಬರಲ್ಲ. ಅಲ್ಲಿ ಅರ್ಧ ಸೀಟು ನಮ್ಮ ರಾಜ್ಯದ ಮಕ್ಕಳಿಗಿದೆ, ಅವಳ ರ‍್ಯಾಂಕಿಗೆ ಸಿಗೋ ಹಾಗಿದೆ.

ಹೊರಡುವಾಗ ಹುಡುಗಿ ಗೇಟ್ ತನಕ ಬಂದ್ಲು. "ಚಿಕ್ಕಮ್ಮ, ಎಂ.ಟೆಕ್ ಮಾಡಲ್ಲ ಅಂತಲ್ಲ. ನೀವು ಮಾಡಿದ ಹಾಗೆ ಮಾಡಬೇಕು ಅಂತ. ಮೊದಲು ಒಂದು ಸೇತುವೆ ಕಟ್ಟಿ." ಇಷ್ಟನ್ನ ಅವಳು ಒಳಗೆ, ಅಷ್ಟು ಜನರ ಮುಂದೆ ಹೇಳಿರಲಿಲ್ಲ.

ಇವತ್ತು ಸಂಜೆ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. ಅಮೆರಿಕದಲ್ಲಿ ಆಗಿನ್ನೂ ಬೆಳಗಿನ ಜಾವ. ಮೊದಲ ಸಲ ಬಾಯಿಬಿಟ್ಟು ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಆ ಹುಡುಗಿ ನಂಬರ್ ಕಳಿಸು ಅಕ್ಕ, ಅವರಪ್ಪನ್ನೂ ಪಕ್ಕದಲ್ಲಿ ಕೂರಿಸೋಕೆ ಹೇಳು" ಅಂದ. ಅಪ್ಪ ಮಗಳು ಇಬ್ಬರೂ ಈಗ ಅವನ ಜೊತೆ ಮಾತಾಡ್ತಿದ್ದಾರಂತೆ. ನಲವತ್ತು ನಿಮಿಷ ಆಯ್ತು ಅಂತ ಅಕ್ಕ ಮೆಸೇಜ್ ಹಾಕಿದ್ದಾಳೆ.